ಮಂಡಿಯೊಳಗಿನ ಚಂದ್ರ

ಬಾವಿಕಟ್ಟೆಯ ಮೂಲೆಯಲ್ಲಿ ಈರಕ್ಕ ಏನೋ ಹೂತಿದ್ದಾಳೆ ಎಂದು ಮಲ್ಲಿಕಾಂಬಳಿಗೆ ಅನ್ನಿಸಿದ್ದು ಆ ಮನೆಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲೇ.

ಈರಕ್ಕ ಅವಳ ಓರಗಿತ್ತಿ, ಗಂಡನ ಅಣ್ಣ ಬಸವರಾಜಪ್ಪನ ಹೆಂಡತಿ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ಅವಳೇ. ಆದರೆ ಸೇದಿದ ಮೊದಲ ಬಿಂದಿಗೆಯ ನೀರನ್ನು ಅವಳು ಒಳಗೆ ತರುತ್ತಿರಲಿಲ್ಲ. ಕಟ್ಟೆಯ ಮೂಲೆಗೆ ಹೋಗಿ, ಬಗ್ಗಿ, ಎರಡು ಕಲ್ಲುಗಳ ಸಂದಿಗೆ ಸಣ್ಣಗೆ ಧಾರೆ ಬಿಡುತ್ತಿದ್ದಳು. ಆಗ ಅವಳ ತುಟಿ ಅಲ್ಲಾಡುತ್ತಿತ್ತು. ಅಡುಗೆಮನೆಯ ಬೆಳಕಿಂಡಿಯಿಂದ ಮಲ್ಲಿಕಾಂಬ ಇದನ್ನು ನೋಡುತ್ತಿದ್ದಳು. ನೋಡಿದ್ದು ಈರಕ್ಕನಿಗೆ ಗೊತ್ತಾಯಿತೋ ಏನೋ, ಒಂದು ದಿನ ತಾನಾಗಿಯೇ ಹೇಳಿದಳು.

"ಆ ಮೂಲೇಲಿ ಕಾಲಿಡಬೇಡ ಕಣೇ."

"ಯಾಕಕ್ಕಾ?"

"ಜಾರ್ತದೆ."

ಅಲ್ಲಿ ಪಾಚಿ ಇರಲಿಲ್ಲ. ಮಲ್ಲಿಕಾಂಬ ಆಮೇಲೆ ಹೋಗಿ ಕೈಯಿಂದ ಸವರಿ ನೋಡಿದ್ದಳು.

ಎಮ್ಮೆದೊಡ್ಡಿ ಕಾವಲಿನ ಅಂಚಿನ ಮನೆ ಅದು. ಹಿತ್ತಲಿನಾಚೆ ಅಮೃತಮಹಲ್ ದನಗಳು ಮೇಯುವ ಹುಲ್ಲುಗಾವಲು, ಈಚೆಗೆ ತೆಂಗಿನ ತೋಟ. ಕೊಬ್ಬರಿ ಕಡೂರಿನ ಸಂತೆಗೆ ಹೋಗುತ್ತಿತ್ತು. ಯಜಮಾನರು ತೀರಿಕೊಂಡ ಮೇಲೆ ವ್ಯವಹಾರವೆಲ್ಲ ಅತ್ತೆ ಲಿಂಗಮ್ಮನದೇ. ಲಿಂಗಮ್ಮ ಪ್ರತಿಯೊಂದು ತೆಂಗಿನಕಾಯಿಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಕೆಟ್ಟಿದೆಯೋ ಇಲ್ಲವೋ ಹೇಳುತ್ತಿದ್ದಳು. ಮನುಷ್ಯರ ಮಾತನ್ನೂ ಹಾಗೆಯೇ ತಲೆ ಒಂದು ಕಡೆ ವಾಲಿಸಿ ಕೇಳುವಳು. ಕಣಜದ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಆ ಹೊಸ್ತಿಲನ್ನು ಸೊಸೆಯರಿರಲಿ, ಮಕ್ಕಳೂ ದಾಟಿದವರಲ್ಲ. ಬೇಕಾದ ರಾಗಿಯನ್ನು ಅವಳೇ ಮೊರದಲ್ಲಿ ತಂದು ಹೊರಗೆ ಇಡುವಳು.

ಮಲ್ಲಿಕಾಂಬಳ ಕಾಲು ಮೊದಲು ಕೈಕೊಟ್ಟದ್ದು ಬಾವಿಯ ಹತ್ತಿರವೇ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ, ಬಲಗಾಲು ಊರಿಕೊಂಡು, ಅಡುಗೆಮನೆಯ ಬಾಗಿಲಿಗೆಂದು ಎಡಕ್ಕೆ ಮೈ ತಿರುಗಿಸಿದ್ದಷ್ಟೇ. ಒಳಗೆ ಏನೋ ಹಾರಿದಂತಾಯಿತು. ಬಿಂದಿಗೆ ಉರುಳಿತು, ಅವಳೂ ಉರುಳಿದಳು. ಸೀರೆ ಸರಿಸಿ ನೋಡಿಕೊಂಡರೆ ಮಂಡಿಚಿಪ್ಪು ಇರಬೇಕಾದಲ್ಲಿ ಒಂದು ತಗ್ಗು. ಚಿಪ್ಪು ಹೊರಮಗ್ಗುಲಿಗೆ ಹೋಗಿ, ಯಾರೋ ಮಡಿಲಲ್ಲಿ ಕದ್ದಿಟ್ಟುಕೊಂಡ ಕೊಬ್ಬರಿ ಬಟ್ಟಲಿನ ಹಾಗೆ ಉಬ್ಬಿ ನಿಂತಿತ್ತು. ಕಾಲು ಮಡಚಿದಂತೆಯೇ ಸಿಕ್ಕಿಕೊಂಡಿತ್ತು.

ಕೂಗಲು ಬಾಯಿ ತೆರೆದವಳಿಗೆ ಎಲ್ಲಿಂದಲೋ ಅಜ್ಜಿಯ ಕಥೆ ನೆನಪಾಯಿತು.

ಅಜ್ಜಂಪುರದ ತವರುಮನೆಯಲ್ಲಿ ಕಲ್ಲಮ್ಮಜ್ಜಿ ಗೋಡೆಗೊರಗಿ, ಬಲಗಾಲನ್ನು ನೀಟಾಗಿ ಮುಂದಕ್ಕೆ ಚಾಚಿಕೊಂಡು ಕಥೆ ಹೇಳುತ್ತಿದ್ದಳು. ಆ ಕಾಲಿನ ಮಂಡಿಗೆ ಯಾವಾಗಲೂ ಹಳೇ ಸೀರೆಯ ಪಟ್ಟಿಯೊಂದು ಸುತ್ತಿರುತ್ತಿತ್ತು. ಒಂದೂರಿನಲ್ಲಿ ಒಬ್ಬ ರಾಜಕುಮಾರಿ. ಅವಳ ಮಂಡಿಯೊಳಗೆ ಚಂದ್ರ ಮನೆ ಮಾಡಿಕೊಂಡಿದ್ದ. ಅವಳ ಸವತಿಗೆ ಹೊಟ್ಟೆಕಿಚ್ಚು. ಕೊಳದ ಮೆಟ್ಟಿಲ ಕೆಳಗೆ ಒಂದು ಕುಡಿಕೆ ಹೂತು, ಅದಕ್ಕೆ ದಿನವೂ ನೀರೆರೆದು, ಬಾ ಚಂದ್ರ ಬಾ ಎಂದು ಕರೆಯುವಳು. ರಾಜಕುಮಾರಿ ಕೊಳಕ್ಕೆ ಹೋದಾಗಲೆಲ್ಲ ಚಂದ್ರ ಮಂಡಿ ಬಿಟ್ಟು ಪಕ್ಕಕ್ಕೆ ಸರಿದುಬಿಡುವನು. ಆಗ ರಾಜಕುಮಾರಿ ಏನು ಮಾಡಿದಳು? ಅಳಲಿಲ್ಲ. ಕಾಲನ್ನು ಮೆಲ್ಲಗೆ ನೀಡಿ, ಅಂಗೈಯಿಂದ ಚಂದ್ರನ ಬೆನ್ನು ಸವರಿ, ಮನೆಗೆ ನಡಿಯಪ್ಪಾ ಅಂದಳು. ಟಳಕ್ ಎಂದು ಚಂದ್ರ ಮನೆ ಸೇರಿದ.

ಮಲ್ಲಿಕಾಂಬ ಹಲ್ಲು ಕಚ್ಚಿ ಕಾಲು ನೀಡಿದಳು. ಅಂಗೈಯಿಂದ ಚಿಪ್ಪನ್ನು ಒಳಕ್ಕೆ ಒತ್ತಿದಳು. ಟಳಕ್.

ಕಣ್ಣೀರು ಒರೆಸಿಕೊಂಡು ತಲೆಯೆತ್ತಿದರೆ, ಬಾಗಿಲಲ್ಲಿ ಈರಕ್ಕ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಮಲ್ಲಿಕಾಂಬಳನ್ನಲ್ಲ, ಚೆಲ್ಲಿದ ನೀರು ಹರಿದು ಸೇರುತ್ತಿದ್ದ ಆ ಮೂಲೆಯನ್ನು.

ಅಲ್ಲಿಗೆ ಕಥೆ ಪೂರ್ತಿಯಾಯಿತು. ರಾಜಕುಮಾರಿ ಯಾರೆಂದು ಗೊತ್ತಾಯಿತು, ಸವತಿ ಯಾರೆಂಬುದೂ ಗೊತ್ತಾಯಿತು. ಕಾಲು ಊದಿ ಇಳಿಯಿತು. ಇಳಿದ ಮೇಲೆ ಮತ್ತೆ ಬಾವಿಯ ಹತ್ತಿರ, ಮತ್ತೆ ಹಾಗೆಯೇ. ದೀಪಾವಳಿಗೆ ಒಮ್ಮೆ, ಸಂಕ್ರಾಂತಿ ಕಳೆದು ಇನ್ನೊಮ್ಮೆ. ಬರಬರುತ್ತಾ ಮೊದಲಿನಷ್ಟು ಬಲವೂ ಬೇಕಾಗುತ್ತಿರಲಿಲ್ಲ, ದಾರಿ ಗೊತ್ತಿದ್ದವರ ಹಾಗೆ ಚಿಪ್ಪು ಸರಿದುಹೋಗುತ್ತಿತ್ತು. ಈರಕ್ಕನಿಗೆ ಮಕ್ಕಳಿರಲಿಲ್ಲ. ಹುಟ್ಟಿದ್ದೊಂದು ಹುಟ್ಟುವಾಗಲೇ ಹೋಗಿತ್ತಂತೆ. ಕಿರಿಯವಳ ಮಡಿಲು ತುಂಬಬಾರದೆಂದು ಹಿರಿಯವಳು ಏನು ತಾನೆ ಮಾಡಲಾರಳು? ಮಲ್ಲಿಕಾಂಬ ಈರಕ್ಕ ಬಡಿಸಿದ ಮುದ್ದೆಯನ್ನು ಮುರಿದು ನೋಡಿ ತಿನ್ನತೊಡಗಿದಳು. ಅವಳು ಬಾಚಿ ಬಿಸಾಕಿದ ಕೂದಲು ಕಂಡರೆ ದಾಟದೆ ಬಳಸಿಕೊಂಡು ಹೋಗತೊಡಗಿದಳು.

ಶಿವರಾತ್ರಿಯ ಮುಂಚೆ ಮತ್ತೊಮ್ಮೆ ಬಿದ್ದಾಗ ಅತ್ತೆಯೇ ಕೇಳಿದಳು.

"ಅಲ್ವೇ, ಎಲ್ಲಾ ಬಿಟ್ಟು ಬಾವಿತಾವೇ ಬೀಳ್ತೀಯಲ್ಲ, ಕೆಲಸಕ್ಕೆ ಕಳ್ಳ ಬಿದ್ದು ಆಟ ಕಟ್ತಿದ್ದೀಯೇನೇ?"

ಆ ಮಾತು ಮಲ್ಲಿಕಾಂಬಳಿಗೆ ನಾಟಿತು. "ನಂಗ್ಯಾಕತ್ತೆ ಆಟ? ಆ ಮೂಲೆ ಅಗೆಸಿ ನೋಡಿ. ಆಮೇಲೆ ನನ್ನ ಕೇಳಿ," ಅಂದುಬಿಟ್ಟಳು.

ಲಿಂಗಮ್ಮ ತಲೆ ವಾಲಿಸಿದಳು. ಹಿರಿಯ ಮಗನನ್ನು ಕರೆದು ಹಾರೆ ತರಿಸಿದಳು. ಬಸವರಾಜಪ್ಪ ಕಲ್ಲು ಎಬ್ಬಿಸಿದ. ಮೊಳದಷ್ಟು ಅಗೆದಿರಲಿಲ್ಲ, ಹಾರೆ ಟಣ್ ಎಂದಿತು. ಬಾಯಿಗೆ ಜೇಡಿಮಣ್ಣು ಮೆತ್ತಿದ ಒಂದು ಕುಡಿಕೆ. ಒಡೆದು ನೋಡಿದರೆ ಬೇವಿನೆಲೆಯ ಪುಡಿ, ಒಂದು ಕಬ್ಬಿಣದ ಮೊಳೆ, ಅರಿಶಿನದ ಬಟ್ಟೆಯ ಗಂಟು, ಗಂಟಿನೊಳಗೆ ಒಣಗಿ ಕಪ್ಪಾದ ಏನೋ ಒಂದು.

ಕಥೆಯೊಳಗಿನ ಕುಡಿಕೆ ನಿಜವಾಗಿ ಮಣ್ಣಿನಿಂದ ಎದ್ದು ಬಂದಿತ್ತು.

"ಇದು ಯಾರ್ದೇ?" ಅಂದಳು ಲಿಂಗಮ್ಮ.

ಈರಕ್ಕ ಬಿಳಿಚಿಕೊಂಡಿದ್ದಳು. "ನಂದೇ ಅತ್ತೆ."

"ಏನಿದು?"

ಈರಕ್ಕ ಬಾಯಿ ಬಿಡಲಿಲ್ಲ. ಗಂಡ ಗದರಿದ, ಅತ್ತೆ ಆಣೆಯಿಟ್ಟಳು. ಅವಳು ಹಲ್ಲುಕಚ್ಚಿ ನಿಂತೇ ಇದ್ದಳು. ಹೇಳದೆ ಇದ್ದದ್ದೇ ಹೇಳಿದಂತಾಯಿತು.

"ಅದರ ಮೇಲೆ ಬುಟ್ಟಿ ಕವುಚಿ. ಅಯ್ಯನೋರು ಬಂದು ಸುಡೋವರೆಗೂ ಯಾರೂ ಮುಟ್ಟಬೇಡಿ," ಅಂದಳು ಲಿಂಗಮ್ಮ. "ಮನೆಯೊಳಗೆ ಮಾಟ ಮಾಡೋಳ್ನ ಮಡಗಿಕೊಂಡು ನಾನು ಬಾಳಲ್ಲ. ನಾಳೆ ತರೀಕೆರೆ ತವರಿನ ಹಾದಿ ಇವಳಿಗೆ. ಬಸ್ವರಾಜಾ, ನಿಂಗೆ ಬೇರೆ ಹೆಣ್ಣು ನೋಡ್ತೀನಿ."

ಬಸವರಾಜಪ್ಪ ಹಾರೆಯ ಮಣ್ಣು ಕೆರೆಯುತ್ತಾ ನಿಂತ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮಲ್ಲಿಕಾಂಬಳ ಗಂಡ ಜಯದೇವಪ್ಪನಿಗೆ ಮಾತ್ರ ಕಾಲಿನದೇ ಚಿಂತೆ. ಕುಡಿಕೆ ತೆಗೆದ ಮೇಲೂ ಊತ ಇಳಿದಿರಲಿಲ್ಲ. ಬೀರೂರಿನಲ್ಲಿ ರೈಲಿನವರ ಕಾಲಿಗೆ ಕಟ್ಟು ಕಟ್ಟುವ ಡಾಕ್ಟರೊಬ್ಬರಿದ್ದಾರೆ, ಒಮ್ಮೆ ತೋರಿಸೋಣ ಎಂದು ಮರುದಿನ ಬೆಳಿಗ್ಗೆ ಅವನು ಗಾಡಿ ಹೂಡಿದ. ಮನೆಗಿದ್ದದ್ದು ಅದೊಂದೇ ಗಾಡಿ.

"ಬೇಗ ವಾಪಸ್ ಬನ್ನಿ," ಅಂದಳು ಲಿಂಗಮ್ಮ. "ನೀವು ಇಳಿದ ಗಾಡೀಲೇ ಅವಳನ್ನ ಹತ್ತಿಸಬೇಕು."

ಈರಕ್ಕ ಜಗಲಿಯ ಮೇಲೆ ಬಟ್ಟೆಗಂಟು ಕಟ್ಟಿಕೊಂಡು ಆಗಲೇ ಕೂತಿದ್ದಳು. ಗಾಡಿ ಹೊರಟಾಗ ಮಲ್ಲಿಕಾಂಬ ತಿರುಗಿ ನೋಡಿದಳು. ಈರಕ್ಕನ ಕಣ್ಣು ಮನೆಯ ಮಗ್ಗುಲ ಬಾವಿಕಟ್ಟೆಯಲ್ಲಿ ಕವುಚಿಟ್ಟ ಬುಟ್ಟಿಯ ಮೇಲಿತ್ತು. ಮಾಟಗಾತಿ ತನ್ನ ಮಾಟವನ್ನು ಹಾಗೆ ನೋಡುತ್ತಾಳೆಯೇ? ಜ್ವರ ಬಂದ ಕೂಸನ್ನು ಬಿಟ್ಟು ಹೋಗುವವಳ ನೋಟ ಅದು. ಅಥವಾ ಅದೂ ನಟನೆಯೋ? ದಾರಿಯುದ್ದಕ್ಕೂ ಆ ನೋಟವೇ ಕಾಡಿತು.

ಡಾಕ್ಟರು ಮೊದಲು ಸಂಶಯಪಟ್ಟದ್ದು ಜಯದೇವಪ್ಪನ ಮೇಲೆ.

"ಮತ್ತೆ ಮತ್ತೆ ಬೀಳ್ತಾರೆ ಅಂತೀರಿ. ಹೊಡೀತೀರಾ?"

"ಶಿವ ಶಿವಾ! ನಾನ್ಯಾಕ್ ಹೊಡೀಲಿ ಸ್ವಾಮಿ? ನಮ್ಮವ್ವನ ಮುಂದೆ ಮನೇಲಿ ನಾನೇ ಏಟು ತಿನ್ನೋನು."

ನರ್ಸಮ್ಮ ಮುಸಿನಕ್ಕು ಸೀರೆಯನ್ನು ಮಂಡಿಯವರೆಗೆ ಸರಿಸಿದಳು. ಜಯದೇವಪ್ಪ ಗೋಡೆ ನೋಡುತ್ತಾ ನಿಂತ. ಡಾಕ್ಟರು ಊದಿದ ಮಂಡಿಯನ್ನು ಮೆಲ್ಲಗೆ ಒತ್ತಿದರು, ಆಮೇಲೆ ನೋವೇ ಇಲ್ಲದ ಎಡಗಾಲಿನದನ್ನೂ ಒತ್ತಿ ನೋಡಿದರು. ಎಡಚಿಪ್ಪನ್ನು ಹೆಬ್ಬೆರಳಿನಿಂದ ಹೊರಕ್ಕೆ ತಳ್ಳಿದಾಗ ಮಲ್ಲಿಕಾಂಬ ಕಿಟಾರನೆ ಕಿರುಚಿ ಅವರ ಕೈ ಹಿಡಿದುಕೊಂಡಳು.

"ನೋಡಿದಿರಾ? ಇದೂ ಹೊರಡೋಕೆ ಸಿದ್ಧವಾಗೇ ಕೂತಿದೆ," ಅಂದರು ಡಾಕ್ಟರು. ಅವಳ ಕೈಯ ಹೆಬ್ಬೆರಳನ್ನು ಮಣಿಕಟ್ಟಿನ ಕಡೆಗೆ ಬಗ್ಗಿಸಿದರು. ಅದು ಮುಂಗೈಗೆ ಮುಟ್ಟಿತು, ಕೀಲು ಅಷ್ಟು ಸಡಿಲ. ಅವಳನ್ನು ಎದ್ದು ನಿಲ್ಲಿಸಿ ನೋಡಿದರು. ಮಂಡಿಗಳು ಒಂದನ್ನೊಂದು ಮುಟ್ಟಿದರೂ ಪಾದಗಳು ದೂರವಿದ್ದವು.

"ಬಾವಿ ರಾಟೆ ಗೊತ್ತಲ್ಲಮ್ಮಾ? ನಡುವೆ ಕಾಲುವೆ ಇರುತ್ತೆ, ಹಗ್ಗ ಅದರಲ್ಲಿ ಓಡುತ್ತೆ. ತೊಡೆ ಮೂಳೆಯ ತುದೀಲೂ ಹಂಗೇ ಒಂದು ಕಾಲುವೆ ಇದೆ. ಮಂಡಿಚಿಪ್ಪು ಅದರೊಳಗೆ ಮೇಲೆ ಕೆಳಗೆ ಓಡಾಡಬೇಕು. ನಿಮ್ಮ ಕಾಲುವೆ ಆಳ ಇಲ್ಲ ಅಂತ ಕಾಣುತ್ತೆ, ಹೊರಗಿನ ದಡ ತೀರಾ ತಗ್ಗು. ಒಳಗಿನದನ್ನ ನಾನು ಕಣ್ಣಾರೆ ಕಂಡಿಲ್ಲ, ಕೈಗೆ ಸಿಕ್ಕಿದ್ದು ಹೇಳ್ತಿದ್ದೀನಿ. ಅದೂ ಅಲ್ಲದೆ ನಿಮ್ಮ ಚಿಪ್ಪು ಇರಬೇಕಾದ್ದಕ್ಕಿಂತ ಮೇಲೆ ಕೂತಿದೆ. ಕಾಲು ನೆಟ್ಟಗಿದ್ದಾಗ ಕಾಲುವೆಯೊಳಕ್ಕೆ ಇಳಿದೇ ಇರೋಲ್ಲ. ಮಂಡಿ ಬೇರೆ ಒಳಕ್ಕೆ ಬಾಗಿದೆ. ಹಂಗಾಗಿ ತೊಡೆಯ ಮಾಂಸ ಚಿಪ್ಪನ್ನ ನೇರಕ್ಕೆ ಎಳೆಯೋ ಬದಲು ಹೊರಗಡೆಗೆ ಎಳೆಯುತ್ತೆ. ಕಾಲು ಊರಿ ಮೈ ತಿರುಗಿಸಿದರೆ ಮುಗೀತು."

"ಬಾವಿ ಹತ್ರವೇ ಯಾಕೆ ಹಿಂಗಾಗ್ತದೆ?" ಮಲ್ಲಿಕಾಂಬ ಕೇಳಿದಳು.

"ಭಾರ ಹೊತ್ತು, ಕಾಲು ಊರಿ, ಗಕ್ಕನೆ ತಿರುಗೋದು ದಿನದಲ್ಲಿ ಇನ್ನೆಲ್ಲಿ ಮಾಡ್ತೀರಿ? ಒಲೆ ಮುಂದೆ ತಿರುಗಿದರೆ ಅಲ್ಲೂ ಆಗ್ತಿತ್ತು. ಮೊದಲ ಸಲ ಸರಿದಾಗ ಒಳಮಗ್ಗುಲಲ್ಲಿ ಹಿಡಿದಿಟ್ಟಿದ್ದ ನಾರು ಹರಿದಿರುತ್ತೆ. ಅದು ಸಡಿಲವಾಗೇ ಕೂಡಿಕೊಂಡಿರುತ್ತೆ. ಅದಕ್ಕೇ ಮತ್ತೆ ಮತ್ತೆ."

"ಯಾರಾದ್ರೂ ಮಾಡಿಸಿದ್ರೆ...?"

"ಮಾಡಿಸಿದವರು ಬಲಗಾಲಿಗೆ ಮಾಡಿಸಿದರೆ ಎಡಗಾಲು ಯಾಕಮ್ಮಾ ಹಿಂಗಿದೆ? ಇದು ಹುಟ್ಟಿನಿಂದ ಬಂದದ್ದು. ನಿಮ್ಮ ಮನೇಲಿ ಹಿರಿಯರಿಗೆ ಯಾರಿಗಾದರೂ ಇತ್ತಾ?"

ಇಲ್ಲ ಎಂದು ತಲೆಯಾಡಿಸಹೊರಟವಳು ಅಲ್ಲೇ ನಿಂತಳು. ಗೋಡೆಗೊರಗಿ ಚಾಚಿದ ಬಲಗಾಲು ಕಣ್ಣಿಗೆ ಕಟ್ಟಿತು, ಅದಕ್ಕೆ ಸುತ್ತಿದ ಹಳೇ ಸೀರೆಯ ಪಟ್ಟಿಯೂ. ಮನೆಗೆ ನಡಿಯಪ್ಪಾ ಎಂದು ಹೇಳುವಾಗ ಅಜ್ಜಿಯ ಅಂಗೈ ಗಾಳಿಯಲ್ಲಿ ಆಡುತ್ತಿರಲಿಲ್ಲ, ತನ್ನ ಮಂಡಿಯನ್ನೇ ಸವರುತ್ತಿತ್ತು. ಆ ರಾಜಕುಮಾರಿ ಯಾವ ದೇಶದವಳೂ ಅಲ್ಲ. ಅಜ್ಜಂಪುರದ ಕಲ್ಲಮ್ಮ.

ಡಾಕ್ಟರು ಪಟ್ಟಿ ಸುತ್ತಿ, ಮಲಗಿಕೊಂಡು ಕಾಲನ್ನು ನೀಟಾಗಿ ಎತ್ತಿ ಇಳಿಸುವುದನ್ನು ಕಲಿಸಿದರು. ತೊಡೆ ಗಟ್ಟಿಯಾದಷ್ಟೂ ಚಿಪ್ಪು ಹಿಡಿತಕ್ಕೆ ಬರುತ್ತದೆ, ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಾರೆ ಅಂದರು.

ಬೀರೂರು ದಾಟುವವರೆಗೂ ಜಯದೇವಪ್ಪ ಎತ್ತುಗಳ ಜೊತೆ ಮಾತ್ರ ಮಾತಾಡಿದ. ಆಮೇಲೆ ತಿರುಗದೆಯೇ ಕೇಳಿದ.

"ನಿಮ್ಮಜ್ಜಿ ಕುಂಟ್ತಿದ್ದಳಾ?"

"ಕುಂಟ್ತಿರಲಿಲ್ಲ. ಕಾಲು ಮಡಚ್ತಿರಲಿಲ್ಲ."

"ನಿಮ್ಮಪ್ಪ ನಮಗೆ ಹೇಳಲಿಲ್ಲ."

"ನಮಗೂ ಯಾರೂ ಹೇಳಲಿಲ್ಲ."

ಅವನು ಅದನ್ನು ನಂಬಿದನೋ ಇಲ್ಲವೋ ಬೆನ್ನು ನೋಡಿ ತಿಳಿಯುವಂತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ದನಿ ತಗ್ಗಿಸಿದ, ಕಾವಲಿನ ದನಗಳು ಕೇಳಿಸಿಕೊಳ್ಳುತ್ತವೆಯೇನೋ ಎಂಬಂತೆ.

"ಕೇಳು. ಡಾಕ್ಟರು ಅಂದದ್ದು ನಮ್ಮವ್ವನ ಕಿವಿಗೆ ಹಾಕಬೇಡ. ಕುಡಿಕೆ ಸಿಕ್ಕಿದೆ, ಎಲ್ಲಾರೂ ನಂಬಿಯಾಗಿದೆ. ಮಾಟ ಅಂದ್ರೆ ಅತ್ತಿಗೆ ಹೋಗ್ತಾಳೆ. ಮೂಳೇಲೇ ಐಬು ಅಂದ್ರೆ ಅವ್ವ ನಿನ್ನ ಕಳಿಸ್ತಾಳೆ. ನಾಳೆ ಹುಟ್ಟೋ ಮಕ್ಕಳಿಗೂ ಬತ್ತದೆ ಅಂತಾಳೆ. ಆಗ ನನ್ನ ಮಾತು ನಡೆಯಲ್ಲ."

"ಅಕ್ಕ ಏನೂ ಮಾಡಿಲ್ಲವಲ್ರೀ."

"ಏನೂ ಮಾಡದಿದ್ರೆ ಕುಡಿಕೆ ಯಾಕೆ ಹೂತಳು? ಬಾಯಿ ಯಾಕೆ ಬಿಡಲಿಲ್ಲ?"

ಆ ಪ್ರಶ್ನೆ ಮಲ್ಲಿಕಾಂಬಳದೂ ಆಗಿತ್ತು. ಸುಮ್ಮನಿದ್ದರೆ ಸಾಕು. ಗಾಡಿ ಇಳಿದು ಒಳಗೆ ಹೋದರೆ ಸಾಕು, ಈರಕ್ಕ ಹತ್ತುತ್ತಾಳೆ. ಕಥೆ ಕೇಳುವಾಗ ಅವಳು ಯಾವತ್ತೂ ಸವತಿಯ ಗತಿ ಏನಾಯಿತೆಂದು ಕೇಳಿದವಳಲ್ಲ. ಅಜ್ಜಿಯೂ ಹೇಳಿರಲಿಲ್ಲ.

ಮನೆಯ ಮುಂದೆ ಎತ್ತುಗಳು ನಿಂತವು. ಈರಕ್ಕ ಗಂಟು ಎತ್ತಿಕೊಂಡು ಎದ್ದಳು. ಲಿಂಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಏನಂದ ಆ ಡಾಕ್ಟರು?"

"ಉಳುಕಂತೆ ಅವ್ವಾ," ಅಂದ ಜಯದೇವಪ್ಪ ತಟ್ಟನೆ.

ಲಿಂಗಮ್ಮನ ತಲೆ ಒಂದು ಕಡೆಗೆ ವಾಲಿತು. ಮಗನ ದನಿಯಲ್ಲಿ ಅವಳಿಗೆ ಏನೋ ಸೇರಲಿಲ್ಲ. "ನೀನು ಹೇಳೇ."

ಮಲ್ಲಿಕಾಂಬ ಗಾಡಿಯ ಗೂಟ ಹಿಡಿದು ನಿಂತಳು. "ಅತ್ತೆ, ಈರಕ್ಕ ಕಾಲಿಡದ ಜಾಗ ಈ ಮನೇಲಿ ಒಂದಾದ್ರೂ ಐತಾ?"

"ಐತೆ. ನನ್ನ ಕಣಜದ ಕೋಣೆ. ಯಾಕೆ?"

"ನನ್ನ ಅಲ್ಲಿಗೆ ಕರಕೊಂಡು ಹೋಗಿ. ಒಂದು ತುಂಬಿದ ಬಿಂದಿಗೆ ಬೇಕು."

"ಲೇ, ಸುಮ್ಕಿರೇ," ಅಂದ ಜಯದೇವಪ್ಪ. ಆ ಮಾತಿನಿಂದಲೇ ಲಿಂಗಮ್ಮನಿಗೆ ಸಂಶಯ ಗಟ್ಟಿಯಾಯಿತು. ಸೊಂಟದ ಬೀಗದ ಕೈಗೆ ಕೈಹಾಕಿದಳು.

ಕಣಜದ ಕೋಣೆಯಲ್ಲಿ ಕೊಬ್ಬರಿಯ ಘಾಟು. ರಾಗಿ ತುಂಬಿದ ಆಳೆತ್ತರದ ಮಣ್ಣಿನ ವಾಡೆಗಳ ನಡುವೆ ಒಬ್ಬರು ತಿರುಗುವಷ್ಟೇ ಜಾಗ. ಮಲ್ಲಿಕಾಂಬ ಡಾಕ್ಟರು ಸುತ್ತಿದ ಪಟ್ಟಿ ಬಿಚ್ಚಿ ಮಡಚಿಟ್ಟಳು. ಬಿಂದಿಗೆಯನ್ನು ಸೊಂಟಕ್ಕೆ ಏರಿಸಿದಳು. ಬಲಗಾಲು ಊರಿ, ಬಾವಿಯ ಹತ್ತಿರ ತಿರುಗುತ್ತಿದ್ದ ಹಾಗೆಯೇ ಗಕ್ಕನೆ ಎಡಕ್ಕೆ ತಿರುಗಿದಳು.

ಬಿಂದಿಗೆ ವಾಡೆಗೆ ಬಡಿದು ನೀರು ಚೆಲ್ಲಿತು. ಅವಳ ಚೀರಾಟ ಹೊರಗಿನವರೆಗೆ ಕೇಳಿಸಿತು. ಲಿಂಗಮ್ಮ ಬಗ್ಗಿ ನೋಡಿದಳು. ಮಂಡಿಯಿರಬೇಕಾದಲ್ಲಿ ತಗ್ಗು, ಚಿಪ್ಪು ಪಕ್ಕಕ್ಕೆ. ಅಷ್ಟು ಹತ್ತಿರದಿಂದ ಅವಳು ಅದನ್ನು ನೋಡಿದ್ದು ಅದೇ ಮೊದಲು. ಕೈ ಚಾಚಿದವಳು ಮುಟ್ಟಲಾರದೆ ಹಿಂದೆ ಸರಿದಳು.

ಹೊಸ್ತಿಲು ದಾಟಿ ಓಡಿ ಬಂದವಳು ಈರಕ್ಕ. ಗಂಟು ಎಲ್ಲೋ ಬಿದ್ದಿತ್ತು. ಬಂದವಳೇ ಹಿಮ್ಮಡಿ ಹಿಡಿದಳು.

"ಏನ್ ಮಾಡ್ಲೇ? ಹೇಳೇ, ಏನ್ ಮಾಡ್ಲಿ?"

"ಮೆಲ್ಲಗೆ ಕಾಲು ನೀಡಕ್ಕಾ... ನೀಟಾಗಿ... ಈಗ ಹೊರಗಿಂದ ಒತ್ತು."

ಈರಕ್ಕ ಒತ್ತಿದಳು. ಟಳಕ್ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಉಸಿರು ಹತೋಟಿಗೆ ಬಂದ ಮೇಲೆ ಮಲ್ಲಿಕಾಂಬ ಎಲ್ಲವನ್ನೂ ಹೇಳಿದಳು. ರಾಟೆಯ ಕಾಲುವೆ, ಮೇಲೆ ಕೂತ ಚಿಪ್ಪು, ಹರಿದ ನಾರು, ಎಡಗಾಲೂ ಹಾಗೇ ಇರುವುದು, ಅಜ್ಜಿಯ ಕಾಲು. ಜಯದೇವಪ್ಪ ಬಾಗಿಲ ಚೌಕಟ್ಟಿಗೆ ಹಣೆಯೊತ್ತಿ ನಿಂತಿದ್ದ. ಕೊನೆಗೆ ಅವಳು ಈರಕ್ಕನ ಕಡೆ ತಿರುಗಿ ಕೇಳಿದಳು, "ಕುಡಿಕೇಲಿ ಏನಿತ್ತಕ್ಕಾ?"

ಈರಕ್ಕ ಇನ್ನೂ ಅವಳ ಹಿಮ್ಮಡಿಯನ್ನು ಬಿಟ್ಟಿರಲಿಲ್ಲ.

"ನನ್ನ ಕೂಸಿನ ಮಾಸು," ಅಂದಳು. "ಉಸಿರಿಲ್ಲದೆ ಹುಟ್ಟಿತಲ್ಲ, ಅದರ ಬೆನ್ನಿಗೇ ಹೊಟ್ಟೆಯಿಂದ ಬಿದ್ದದ್ದು. ನೀರು ಬೀಳೋ ಕಡೆ ಹೂತು ದಿನಾ ತಣ್ಣಗಿಟ್ಟರೆ ಅದೇ ಕೂಸು ತಿರುಗಿ ಬತ್ತದೆ ಅಂದಿದ್ದಳು ಸೂಲಗಿತ್ತಿ. ಯಾರ ಮುಂದಾದ್ರೂ ಬಾಯಿಬಿಟ್ಟರೆ ಬರಲ್ಲ ಅಂದಿದ್ದಳು. ಈಗ ಬಿಟ್ಟಾಯ್ತು."

ಬಸವರಾಜಪ್ಪ ಯಾವಾಗ ಬಂದು ಹೊಸ್ತಿಲಾಚೆ ನಿಂತಿದ್ದನೋ, ತಲೆಯ ಮೇಲಿನ ವಸ್ತ್ರ ತೆಗೆದು ಮುಖಕ್ಕೆ ಒತ್ತಿಕೊಂಡ. ಆಮೇಲೆ ಹೊರಗೆ ಹೋದ. ಎತ್ತಿನ ಕೊರಳ ಗಂಟೆ ಸದ್ದಾಯಿತು, ಅವನು ನೊಗ ಬಿಚ್ಚುತ್ತಿದ್ದ. ಅವ್ವನನ್ನು ಕೇಳದೆ ಅವನು ಮಾಡಿದ ಕೆಲಸ ಅದು.

ಲಿಂಗಮ್ಮ ಅದನ್ನು ಕೇಳಿಸಿಕೊಂಡಳು. ಬೇಡ ಅನ್ನಲಿಲ್ಲ. ಚೆಲ್ಲಿದ ನೀರು ರಾಗಿಯ ಕಡೆಗೆ ಹರಿಯುವುದನ್ನು ಕಂಡು ಗೋಣಿ ಎಳೆದು ಅಡ್ಡ ಹಾಕಿದಳು. "ಆ ಕುಡಿಕೆ ಒಡೆದಾಯ್ತಲ್ಲ. ಬೇರೆ ಕುಡಿಕೆ ಕೊಡ್ತೀನಿ," ಅಂದಳು ಈರಕ್ಕನಿಗೆ, ಅವಳ ಮುಖ ನೋಡದೆ. "ಇದ್ದಲ್ಲೇ ಹೂಳು. ಅಯ್ಯನೋರಿಗೆ ನಾನು ಹೇಳ್ತೀನಿ."

ಆಮೇಲೆ ಮಲ್ಲಿಕಾಂಬಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಚಾಚಿದ ಬಲಮಂಡಿಯನ್ನು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದಳು. ಎಡಮಂಡಿಯನ್ನೂ ತಟ್ಟಿದಳು. ತಲೆ ವಾಲಿಸಿ, ತೆಂಗಿನಕಾಯಿಗೆ ಕಿವಿಗೊಟ್ಟಂತೆ ಸ್ವಲ್ಪ ಹೊತ್ತು ಕೂತಳು.

"ನಿಮ್ಮಜ್ಜಿ ಕಾಲು ಹಿಂಗಿದ್ದದ್ದು ನಿಮ್ಮಪ್ಪನಿಗೆ ಗೊತ್ತಿತ್ತೇನೇ?"

"ಗೊತ್ತಿರಲಿಲ್ಲ ಅತ್ತೆ. ಅಜ್ಜಿ ಅದನ್ನ ಕಥೆ ಮಾಡಿ ಹೇಳ್ತಿದ್ದಳು."

"ಎಷ್ಟು ಮಕ್ಕಳು ನಿಮ್ಮಜ್ಜಿಗೆ?"

"ಮನೆ ತುಂಬಾ."

ಲಿಂಗಮ್ಮ ಹೂಂ ಅಂದಳು. ಆ ಹೂಂ ಒಪ್ಪಿಗೆಯೋ, ಇನ್ನೊಮ್ಮೆ ತಟ್ಟಿ ನೋಡುತ್ತೇನೆ ಎಂಬ ಮಾತೋ, ಮಲ್ಲಿಕಾಂಬಳಿಗೆ ತಿಳಿಯಲಿಲ್ಲ. "ನೀರು ಸೇದೋದು ಇನ್ಮೇಲೆ ನಿಂಗೆ ಬೇಡ. ಬೀಸೋ ಕಲ್ಲಿನ ಮುಂದೆ ಕಾಲು ಚಾಚ್ಕೊಂಡು ಕೂತಿರು. ಅದ್ಯಾವ್ದು ಆ ಕಥೆ? ಹೇಳು ನೋಡಾನ. ಸುಳ್ಳಿದ್ರೆ ಗೊತ್ತಾಗ್ತದೆ ನಂಗೆ."

ಈರಕ್ಕ ಡಾಕ್ಟರ ಪಟ್ಟಿಯನ್ನು ಎತ್ತಿಕೊಂಡು ಮಂಡಿಗೆ ಸುತ್ತತೊಡಗಿದಳು. ಮಲ್ಲಿಕಾಂಬ ವಾಡೆಗೆ ಒರಗಿ ಶುರು ಮಾಡಿದಳು. ಒಂದೂರಿನಲ್ಲಿ ಒಬ್ಬ ರಾಜಕುಮಾರಿ. ಅವಳ ಮಂಡಿಯೊಳಗೆ ಚಂದ್ರ ಮನೆ ಮಾಡಿಕೊಂಡಿದ್ದ. ಕೊಳಕ್ಕೆ ಹೋದಾಗಲೆಲ್ಲ ಪಕ್ಕಕ್ಕೆ ಸರಿದುಬಿಡುವನು.

"ಯಾಕೆ?" ಲಿಂಗಮ್ಮ ಥಟ್ಟನೆ ಕೇಳಿದಳು. "ಯಾರು ಕರೆದರು ಅವನನ್ನ?"

ಪಟ್ಟಿ ಸುತ್ತುತ್ತಿದ್ದ ಈರಕ್ಕನ ಕೈ ನಿಂತಿತು.

"ಯಾರೂ ಕರೀಲಿಲ್ಲ ಅತ್ತೆ," ಅಂದಳು ಮಲ್ಲಿಕಾಂಬ. "ಅವನು ಓಡಾಡೋ ಕಾಲುವೆ ಆಳ ಇರಲಿಲ್ಲ."